ಸೂರಿನ ಸಂದಿ ಮುಚ್ಚುವ ಮುಂಚೆ

ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇರುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಛಾವಣಿ ರಿಪೇರಿ, ಇನ್ಸುಲೇಷನ್, ಸೂರಿಗೆ ಹೊಸ ಪ್ಲಾಸ್ಟಿಕ್ ಹಲಗೆ ಅಂತ ಬಿಲ್ಡರ್ ಜೊತೆ ಮಾತು ಮುಗಿಸುವ ಮುಂಚೆ ಸ್ವಲ್ಪ ನಿಲ್ಲಿ. ನಿಮ್ಮ ಸೂರಿನ ಸಂದಿಯಲ್ಲಿ ಸ್ವಿಫ್ಟ್ ಹಕ್ಕಿಯ ಗೂಡು ಇರಬಹುದು. ವರ್ಷಗಟ್ಟಲೆ ಅದೇ ಮನೆಯಲ್ಲಿದ್ದರೂ ನಿಮಗದು ಗೊತ್ತಾಗಿರಲಿಕ್ಕಿಲ್ಲ.

ನಮ್ಮ ಕಡೆ ಹಳೇ ದೇವಸ್ಥಾನಗಳಲ್ಲಿ, ಸೇತುವೆಗಳ ಕೆಳಗೆ ಇವುಗಳ ನೆಂಟರು ಹುಲ್ಲು, ಗರಿ ಮೆತ್ತಿ ಕಟ್ಟಿದ ಗೂಡುಗಳು ಗೊಂಚಲು ಗೊಂಚಲಾಗಿ ಕಾಣುತ್ತವೆ, ನೀವೂ ನೋಡಿರುತ್ತೀರಿ. ಇಲ್ಲಿಯ ಸ್ವಿಫ್ಟ್ ಹಾಗಲ್ಲ. ಹೆಂಚಿನಡಿಯ ಕಿರಿದಾದ ಸಂದಿಗೆ ನುಗ್ಗಿದರೆ ಮುಗಿಯಿತು, ಹೊರಗೆ ಹುಲ್ಲು ನೇತಾಡುವುದಿಲ್ಲ, ಹಿಕ್ಕೆಯೂ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಗೂಡು ಹಾಳು ಮಾಡುವವರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ, ಗೊತ್ತಿಲ್ಲದವರು. ಈ ಹಕ್ಕಿಯ ವಿಷಯದಲ್ಲಿ ಅಕ್ಕಪಕ್ಕದವರಿಗೆ ತಿಳಿಸುವುದೇ ಅರ್ಧ ಕೆಲಸ ಅಂತ ನಾನು ಹೇಳುವುದು ಅದಕ್ಕೇ.

ಇವು ಆಫ್ರಿಕಾದಿಂದ ಇಲ್ಲಿಗೆ ಬರುವುದು ಮೇ ಹೊತ್ತಿಗೆ, ಆಗಸ್ಟ್‌ನಲ್ಲಿ ವಾಪಸ್. ಮರಿ ಮಾಡುವ ಕಾಲ ಬಿಟ್ಟರೆ ಉಳಿದ ಹತ್ತು ತಿಂಗಳು ಕೆಲವು ಹಕ್ಕಿಗಳು ಎಲ್ಲೂ ಕೂರದೆ ಹಾರುತ್ತಲೇ ಇರುತ್ತವೆ ಅಂತ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಅಷ್ಟು ದೂರ ಹಾರಿ ಬಂದ ಹಕ್ಕಿ ಹುಡುಕುವುದು ಹೋದ ವರ್ಷದ ಅದೇ ಸಂದಿಯನ್ನು! ಚಳಿಗಾಲದಲ್ಲಿ ಯಾರೋ ಅದನ್ನು ಮುಚ್ಚಿದ್ದರೆ, ಮುಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಬಂದು ಡಿಕ್ಕಿ ಹೊಡೆಯುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. 1981ರ ವನ್ಯಜೀವಿ ಕಾಯ್ದೆ ಗೂಡನ್ನು ಕಾಪಾಡುತ್ತದೆ, ಆದರೆ ಅದು ಬಳಕೆಯಲ್ಲಿರುವಾಗ ಮಾತ್ರ. ಹಕ್ಕಿ ಆಫ್ರಿಕಾದಲ್ಲಿದ್ದಾಗ ಮುಚ್ಚಿದರೆ ಕೇಳುವವರೇ ಇಲ್ಲ. 1995ರಿಂದ ಈಚೆಗೆ ಬ್ರಿಟನ್ನಿನ ಸ್ವಿಫ್ಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಮ್ಮಿಯಾಗಿವೆ, 2021ರಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಗೂ ಸೇರಿದವು. ಆಹಾರಕ್ಕೆ ಬೇಕಾದ ಹುಳುಗಳು ಕಮ್ಮಿಯಾಗುತ್ತಿರುವುದೂ ನಿಜ, ಅದನ್ನು ನೀವು ನಾವು ಒಂದು ಬೇಸಿಗೆಯಲ್ಲಿ ಸರಿ ಮಾಡಲಾಗುವುದಿಲ್ಲ. ಸಂದಿ ಉಳಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ, ಅಲ್ವಾ?

ಹಳೇ ಸಂದಿ ಇದ್ದರೆ ಹಾಗೇ ಬಿಡಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಇಲ್ಲದಿದ್ದರೆ ಗೂಡುಪೆಟ್ಟಿಗೆ ಹಾಕಿ. ಸೂರಿನ ಕೆಳಗೆ, ನೆಲದಿಂದ ಸುಮಾರು 5 ಮೀಟರ್ ಮೇಲೆ, ಮಧ್ಯಾಹ್ನದ ಬಿಸಿಲು ನೇರ ಬೀಳದ ಕಡೆ. ಇವು ಗೂಡಿನಿಂದ ಕೆಳಕ್ಕೆ ಧುಮುಕಿ ಹಾರುತ್ತವೆ, ಹಾಗಾಗಿ ಕೆಳಗೆ ಮರ, ತಂತಿ ಅಡ್ಡ ಇರಬಾರದು. ಸುಮ್ನೆ ನೇತುಹಾಕಿದರೆ ಹಕ್ಕಿ ಬರುವುದು ಕಷ್ಟ. ಮೇ ತಿಂಗಳಿಂದ ಜುಲೈವರೆಗೆ ಬೆಳಿಗ್ಗೆ, ಸಂಜೆ ಸಣ್ಣ ಸ್ಪೀಕರಿನಲ್ಲಿ ಅವುಗಳ ಕೂಗು ಹಾಕಬೇಕು, ಜಾಗ ಹುಡುಕುತ್ತಿರುವ ಎಳೇ ಹಕ್ಕಿಗಳು ಅದನ್ನು ಕೇಳಿ ಹತ್ತಿರ ಬರುತ್ತವೆ. ಮೊದಲ ವರ್ಷವೇ ಬರದಿದ್ದರೆ ಪೆಟ್ಟಿಗೆ ಕಿತ್ತು ಹಾಕಬೇಡಿ. ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.

ಹೊಸ ಮನೆಗಳಿಗೆ ಗೋಡೆಯೊಳಗೇ ಕೂರುವ, ಒಳಗೆ ಗೂಡಿಗೆ ಜಾಗವಿರುವ ಸ್ವಿಫ್ಟ್ ಇಟ್ಟಿಗೆ ಇದೆ. ಬ್ರೈಟನ್ ನಗರದಲ್ಲಿ 5 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಿಗೆ ಇದನ್ನು ಕೇಳುತ್ತಾರೆ. ಎಲ್ಲ ಹೊಸ ಮನೆಗಳಿಗೂ ಬೇಕು ಅಂತ ಲೇಖಕಿ ಹನ್ನಾ ಬೌರ್ನ್-ಟೇಲರ್ ಶುರು ಮಾಡಿದ ಮನವಿಗೆ 1 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದು, 2023ರ ಜುಲೈನಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯೂ ಆಯಿತು. ಜನ ಕೇಳಿದ್ದಕ್ಕೇ ಅಲ್ಲಿವರೆಗೆ ಹೋಯಿತು.

ಜೂನ್ ಕೊನೆ, ಜುಲೈ ಶುರುವಿನ ಹೊತ್ತಿಗೆ ಇಲ್ಲಿ ಸ್ವಿಫ್ಟ್ ಜಾಗೃತಿ ವಾರ ನಡೆಯುತ್ತದೆ. ನಮ್ಮ ಕನ್ನಡ ಸಂಘಗಳೂ ಆಗ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಬೀದಿ ಸುತ್ತಬಹುದು. ಕಿರುಚುತ್ತಾ ಛಾವಣಿ ಮಟ್ಟದಲ್ಲಿ ಹಾರುವ ಗುಂಪು ಕಂಡರೆ ಹತ್ತಿರದಲ್ಲೇ ಗೂಡಿದೆ ಅಂತ ಲೆಕ್ಕ. ಸ್ವಿಫ್ಟ್‌ಮ್ಯಾಪರ್ ಆಪ್‌ನಲ್ಲಿ ಆ ಜಾಗ ದಾಖಲಿಸಿ, ಆ ಮನೆಯವರ ಬಾಗಿಲು ತಟ್ಟಿ ಹೇಳಿ ಬನ್ನಿ.