ವೈನಿಕೊಲೊ ತೊಟ್ಟ ಎರಡು ಜೆರ್ಸಿ

ಲೆಸ್ಲಿ ವೈನಿಕೊಲೊ ಅನ್ನೋ ರಗ್ಬಿ ಆಟಗಾರನ ಹೆಸರು ನಮ್ಮಲ್ಲಿ ಬಹಳ ಜನ ಕೇಳಿರಲಿಕ್ಕಿಲ್ಲ. ಕೇಳಿದವರಲ್ಲೂ ಕೆಲವರು ಅವನನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡ್ತಾರೆ: ಹುಟ್ಟಿದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟೋಂಗಾದಲ್ಲಿ, ಆಡಿದ್ದು ನ್ಯೂಜಿಲೆಂಡಿಗೆ, ಆಮೇಲೆ ಇಂಗ್ಲೆಂಡಿಗೆ, ಕಾಸು ಕಂಡ ಕಡೆ ಹೋದ ಅಷ್ಟೇ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ.

ಗೊತ್ತಿಲ್ಲದವರಿಗೆ ಒಂದು ವಿಷಯ. ರಗ್ಬಿ ಒಂದು ಆಟ ಅಲ್ಲ, ಎರಡು. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಹಡರ್ಸ್‌ಫೀಲ್ಡ್ ಊರಿನ ಒಂದು ಹೋಟೆಲಲ್ಲಿ ಸೇರಿ ಬೇರೆ ಮನೆ ಮಾಡಿದವು. ಜಗಳ ಕೂಲಿದು. ಗಣಿ, ಗಿರಣಿಯಲ್ಲಿ ದುಡಿಯೋ ಆಟಗಾರರು ಕೆಲಸ ಬಿಟ್ಟು ಆಡೋಕೆ ಬರಬೇಕು, ಹೋದ ಕೂಲಿ ಕೊಡಿ ಅಂದರು. ಆಟದ ಆಡಳಿತ ನಡೆಸೋ ದೊಡ್ಡವರು ಆಗಲ್ಲ ಅಂದರು. ಹಾಗೆ ಶುರುವಾಗಿದ್ದೇ ಇವತ್ತಿನ 13 ಜನರ ಲೀಗ್. 15 ಜನರ ಯೂನಿಯನ್ ಮಾತ್ರ 1995ರ ತನಕ ದುಡ್ಡು ಮುಟ್ಟಲ್ಲ ಅಂತ ಮಡಿಯಲ್ಲೇ ಕೂತಿತ್ತು. ಲೀಗ್ ಆಡಿ ಬಂದವನನ್ನು ಹೊಸಿಲು ದಾಟೋಕೆ ಬಿಡ್ತಿರಲಿಲ್ಲ. ಆ ಬಾಗಿಲು ತೆರೆದ ಮೇಲೆ ಎರಡೂ ಕಡೆ ಆಡಿದವರ ಸಾಲಲ್ಲಿ ಬರೋನು ನಮ್ಮ ವೈನಿಕೊಲೊ.

1979ರಲ್ಲಿ ಟೋಂಗಾದ ರಾಜಧಾನಿ ನುಕುಅಲೋಫಾದಲ್ಲಿ ಹುಟ್ಟಿದ, ನ್ಯೂಜಿಲೆಂಡಲ್ಲಿ ಬೆಳೆದ. ಲೀಗಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್‌ಗೆ ಆಡಿ 2002ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬುಲ್ಸ್ ಸೇರಿದ. ಅಲ್ಲಿ ನೋಡಬೇಕಿತ್ತು ಅವನನ್ನ! ನೂರು ಕೆಜಿ ದಾಟಿದ ದೇಹ, ಆದರೆ ಓಟ ಮಾತ್ರ ಹಗುರ ಆಳಿನದು. ಎದುರಾಳಿ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಒಂದು ಟ್ರೈ. 150ರ ಆಸುಪಾಸು ಪಂದ್ಯಗಳಲ್ಲಿ ಅವನು ಹಾಗೆ ಒತ್ತಿದ್ದು 149 ಸಲ. ಪಂದ್ಯಕ್ಕೊಂದು ಅಂದುಕೊಳ್ಳಿ. ಹಳೇ ವಿಡಿಯೊಗಳನ್ನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಎಡಗಡೆ ಅಂಚಿನ ಗೆರೆ ಪಕ್ಕದಲ್ಲೇ ಓಡ್ತಾನೆ, ಒಬ್ಬ ಸೊಂಟಕ್ಕೆ ಬೀಳ್ತಾನೆ, ಇನ್ನೊಬ್ಬ ಕಾಲಿಗೆ, ಅವರಿಬ್ಬರನ್ನೂ ಎಳಕೊಂಡೇ ಹೋಗಿ ಮೂಲೆಯಲ್ಲಿ ಚೆಂಡು ಇಡ್ತಾನೆ. 'ವೋಲ್ಕೇನೊ' ಅಂತ ಅಡ್ಡಹೆಸರು. ವೈನಿಕೊಲೊಗೆ ಪ್ರಾಸನೂ ಆಯ್ತು, ಜ್ವಾಲಾಮುಖಿಗಳ ನಾಡಿನ ಹುಡುಗನಿಗೆ ಸರಿಯಾಗೂ ಇತ್ತು. 2005ರ ಗ್ರ್ಯಾಂಡ್ ಫೈನಲಲ್ಲಿ, ಅಂದರೆ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪಂದ್ಯದಲ್ಲಿ, ಪಕ್ಕದ ಊರು ಲೀಡ್ಸನ್ನು 15-6ರಲ್ಲಿ ಸೋಲಿಸಿದಾಗ ಅವನದೂ ಒಂದು ಟ್ರೈ ಇತ್ತು.

2007ರಲ್ಲಿ, 28ನೇ ವಯಸ್ಸಲ್ಲಿ, ಯೂನಿಯನ್ ಆಡೋಕೆ ಇಂಗ್ಲೆಂಡಿನದೇ ಗ್ಲಾಸ್ಟರ್ ಕ್ಲಬ್‌ಗೆ ಹೋದ. ಮೊದಲ ಲೀಗ್ ಪಂದ್ಯವೇ ಲೀಡ್ಸಿನ ಹೆಡಿಂಗ್ಲಿಯಲ್ಲಿ. ಅಯ್ಯೋ, 'ಲೀಗ್' ಅಂದೆನಲ್ಲ, ಪ್ರೀಮಿಯರ್‌ಶಿಪ್ (ಇಂಗ್ಲೆಂಡಿನ ಯೂನಿಯನ್ ಕ್ಲಬ್‌ಗಳ ದೊಡ್ಡ ಟೂರ್ನಿ) ಪಂದ್ಯ ಅಂತ ಓದಿಕೊಳ್ಳಿ, ಈ ಎರಡು ಆಟದ ಹೆಸರಲ್ಲಿ ನಾನೇ ಎಡವುತ್ತೀನಿ. ಅವತ್ತು ಐದು ಟ್ರೈ. ಹೊಸ ಆಟ, ಮೊದಲ ದಿನ, ಐದು! ಇಂಗ್ಲೆಂಡ್ ತಂಡದವರು ಸುಮ್ನೆ ಇರ್ತಾರಾ? ಒಂದು ದೇಶದ ಯೂನಿಯನ್ ತಂಡಕ್ಕೆ ಆಡೋಕೆ ಆಗ ಮೂರು ವರ್ಷ ಆ ದೇಶದಲ್ಲಿ ವಾಸ ಮಾಡಿದ್ದರೆ ಸಾಕಿತ್ತು. ನ್ಯೂಜಿಲೆಂಡ್ ಪರ ಆಡಿದ್ದು ಲೀಗಲ್ಲಿ, ಅದು ಯೂನಿಯನ್ ಲೆಕ್ಕಕ್ಕೆ ಬರಲ್ಲ.

2008ರ ಫೆಬ್ರವರಿ 2, ಲಂಡನ್ನಿನ ಟ್ವಿಕನಮ್ ಮೈದಾನ, ವೇಲ್ಸ್ ವಿರುದ್ಧ. ಇಂಗ್ಲೆಂಡಿನ ಸ್ಟ್ರೆಟಲ್ ಗಾಯ ಮಾಡಿಕೊಂಡು ಹೊರಗೆ ಹೋದ, ಇವನು ಒಳಗೆ ಬಂದ. ಜೊತೆಗಾರ ವಿಲ್ಕಿನ್ಸನ್ ಅಡ್ಡಕ್ಕೆ ಒದ್ದ ಚೆಂಡು ಇವನ ಕೈಯಿಂದ ಇನ್ನೊಬ್ಬ ಜೊತೆಗಾರ ಟೋಬಿ ಫ್ಲಡ್‌ಗೆ ಸಿಕ್ತು, ಟ್ರೈ ಆಯ್ತು. ಆದರೂ ಇಂಗ್ಲೆಂಡ್ 26-19ರಲ್ಲಿ ಸೋತಿತು. ಅವನು ಇಂಗ್ಲೆಂಡಿಗೆ ಆಡಿದ್ದು ಒಟ್ಟು ಐದು ಪಂದ್ಯ. ತನ್ನ ಹೆಸರಲ್ಲಿ ಒಂದು ಟ್ರೈ ಕೂಡ ಇಲ್ಲ.

ಇದನ್ನೇ ಹಿಡಿದು 'ಫ್ಲಾಪ್' ಅಂತಾರೆ. ನಾನು ಒಪ್ಪಲ್ಲ. ಲೀಗಲ್ಲಿ ಎದುರಾಳಿಗಳು ಆರು ಸಲ ಬೀಳಿಸೋ ತನಕ ಚೆಂಡು ನಿಮ್ಮದೇ, ಅಂಚಿನ ಆಟಗಾರನಿಗೆ ಮತ್ತೆ ಮತ್ತೆ ಚೆಂಡು ಸಿಗುತ್ತೆ. ಯೂನಿಯನಲ್ಲಿ ಬಿದ್ದ ಚೆಂಡಿಗೂ ಕಿತ್ತಾಟ, ಒದೆಯೋದು ಜಾಸ್ತಿ, ಅಂಚಲ್ಲಿ ನಿಂತವನು ಆಕಾಶ ನೋಡ್ತಾ ಕಾಯಬೇಕು. ಅದನ್ನು ಚಿಕ್ಕಂದಿನಿಂದ ಕಲಿತವರಿಗೂ ಕಷ್ಟ. 28ಕ್ಕೆ ಬಂದವನ ಕೈಗೆ ಚೆಂಡನ್ನೇ ಕೊಡದೆ ಟ್ರೈ ಎಲ್ಲಿ ಅಂತ ಕೇಳಿದರೆ ಹೇಗೆ?

ಇನ್ನು ದೇಶದ ಮಾತು. ಟೋಂಗಾದ ಜನಸಂಖ್ಯೆ ಸುಮಾರು ಒಂದು ಲಕ್ಷ. ಮಕ್ಕಳನ್ನು ಕಟ್ಟಿಕೊಂಡು ಆಕ್ಲೆಂಡಿಗೋ ಸಿಡ್ನಿಗೋ ಹೋಗಿ ದುಡಿಯೋ ಕುಟುಂಬಗಳು ಅಲ್ಲಿ ಎಷ್ಟೋ. ಆ ಮಕ್ಕಳು ಬೆಳೆದ ದೇಶಕ್ಕೆ ಆಡಿದರೆ ತಪ್ಪು ಅವರದಾ? ಒಂದು ಸಲ ದೊಡ್ಡ ದೇಶದ ಯೂನಿಯನ್ ತಂಡಕ್ಕೆ ಆಡಿದರೆ ವಾಪಸ್ ಬರೋ ದಾರಿಯೇ ಮುಚ್ಚಿದ್ದು ನಿಯಮ ಬರೆದವರು. 2022ರಿಂದ ಅದು ಸಡಿಲ ಆಯ್ತು. ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದೆ ಕಾದರೆ, ತಾನೋ ತನ್ನ ಅಪ್ಪ ಅಮ್ಮನೋ ಅಜ್ಜ ಅಜ್ಜಿಯೋ ಹುಟ್ಟಿದ ದೇಶಕ್ಕೆ ಆಡಬಹುದು. ಪಿಯುಟಾವು, ಫೆಕಿಟೋವಾ ನ್ಯೂಜಿಲೆಂಡಿನ ಕಪ್ಪು ಜೆರ್ಸಿ ತೊಟ್ಟವರು. ಅವರು 2023ರ ವಿಶ್ವಕಪ್‌ನಲ್ಲಿ ಟೋಂಗಾಗೆ ಆಡಿದ್ದು ಹೀಗೇ. ನನ್ನ ಕೇಳಿದರೆ ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು.

ಲೀಗಲ್ಲಿ ಈ ವಿಷಯದಲ್ಲಿ ಮೊದಲೇ ಸ್ವಲ್ಪ ಸಲೀಸಿತ್ತು. 2017ರ ವಿಶ್ವಕಪ್‌ಗೆ ಜೇಸನ್ ಟಾಮಲೊಲೊ ನ್ಯೂಜಿಲೆಂಡ್ ಬಿಟ್ಟು ಟೋಂಗಾ ಸೇರಿದ. ನವೆಂಬರ್ 11, ಹ್ಯಾಮಿಲ್ಟನ್, ಎದುರಾಳಿ ಅದೇ ನ್ಯೂಜಿಲೆಂಡ್. ಊರು ನ್ಯೂಜಿಲೆಂಡಿನದು, ಸ್ಟೇಡಿಯಂ ಪೂರ್ತಿ ಟೋಂಗಾದ ಕೆಂಪು ಬಾವುಟ. ಅರ್ಧ ಆಟಕ್ಕೆ 16-2, ಟೋಂಗಾ ಹಿಂದೆ. ಮುಗಿದಾಗ 28-22, ಟೋಂಗಾ ಗೆದ್ದಿತ್ತು.

ವೈನಿಕೊಲೊಗೆ ಆಗ 38 ವರ್ಷ.