ಮೇಲ್ ಓದಿದರೆ ಕಾಸಂತೆ, ಮನೆಯಲ್ಲಿರುವವರ ಹೊತ್ತು ಮಾತ್ರ ಪುಕ್ಕಟೆ!

ನಿನ್ನೆಯಿಂದ ತಲೆ ಕೆಟ್ಟು ಕೂತಿದೆ. ಇದನ್ನು ಬರೆದು ಹೊರಗೆ ಹಾಕದಿದ್ದರೆ ಇವತ್ತಿನ ಕೆಲಸಕ್ಕೆ ಕೈ ಹತ್ತೋದಿಲ್ಲ. ಉದ್ದ ಇದೆ, ಪುರುಸೊತ್ತಿದ್ದವರು ಓದಿ. ಓದಿದ್ದಕ್ಕೆ ನಾನಂತೂ ಕಾಸು ಕೊಡಲ್ಲ.

ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ತೆರೆಯ ಮೇಲೆ ಯಾವುದೋ ಸಾಲದ ಕಂಪನಿಯ ಜಾಹೀರಾತು. ಅದರ ನೆತ್ತಿಗೆ ಒಂದು ನೀಲಿ ಪಟ್ಟಿ, ಪಟ್ಟಿಯೊಳಗೆ ಮೂವತ್ತರಿಂದ ಒಂದೊಂದೇ ಇಳಿಯುತ್ತಿರುವ ಅಂಕಿ. ಅತ್ತಿಗೆಯ ಕಣ್ಣು ಪೂರ್ತಿ ಆ ಅಂಕಿಯ ಮೇಲೆ. ಸಾಲ ಕೊಡುವವನು ಬಡ್ಡಿ ಎಷ್ಟು ಅಂತ ಬರೆದಿದ್ದಾನೆ ಅಂತ ಕೇಳಿದ್ದರೆ ಅವರಿಗೆ ಗೊತ್ತಿರುತ್ತಿರಲಿಲ್ಲ. ಸೊನ್ನೆ ಬಂತು. ಸಾಲಾಗಿ ಐದು ಪುಟ್ಟ ಚಿತ್ರ ಮೂಡಿದವು, ಅದರಲ್ಲಿ ಒಂದು ತಲೆಕೆಳಗು. ಅದನ್ನು ಒತ್ತಿದರು. ಖಾತೆಗೆ ಒಂದು ಸೆಂಟ್, ಅಂದರೆ ಡಾಲರಿನ ನೂರನೇ ಒಂದು ಭಾಗ, ಜಮೆ. ಮುಂದಿನ ಮೇಲ್.

“ಏನತ್ತಿಗೆ ಇದು?”

“ಮೇಲ್ ಓದಿದ್ರೆ ದುಡ್ಡು ಕೊಡ್ತಾರೆ ಕಣೆ. ನೀನು ಬರೆದಿದ್ದೂ ಯಾವತ್ತಾದ್ರೂ ಬರುತ್ತೇನೋ ಅಂತ ನೋಡ್ತಿರ್ತೀನಿ.”

ಏನೋ ತೋರಿಸೋಣ ಅಂತ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆಯಲು ಹೋದೆ. ಗಬಕ್ಕನೆ ನನ್ನ ಕೈ ಹಿಡಿದರು. ಬೇರೆ ಟ್ಯಾಬಿಗೆ ಹೋದರೆ ಎಣಿಕೆ ನಿಂತುಹೋಗುತ್ತಂತೆ, ಮತ್ತೆ ಮೂವತ್ತರಿಂದ ಶುರುವಂತೆ. ಅಷ್ಟರಲ್ಲಿ ಸೋಫಾದ ಮೇಲಿಂದ ನಮ್ಮಣ್ಣನ ಅಮೃತವಾಣಿ: “ಇರ್ಲಿ ಬಿಡೆ, ಹೆಂಗೂ ಮನೇಲಿ ಸುಮ್ನೆ ಕೂತಿರ್ತಾಳೆ. ಏನೋ ಒಂದು ಟೈಂಪಾಸು.”

ನನಗೆ ಉರಿದಿದ್ದು ಆಗ. (ಅಣ್ಣ, ಓದ್ತಿದೀಯ ಅಂತ ಗೊತ್ತು. ಅತ್ತಿಗೆಯನ್ನು ಕೇಳಿಯೇ ಬರೀತಿದೀನಿ. ನಿನ್ನನ್ನು ಕೇಳಬೇಕು ಅನ್ನಿಸಲಿಲ್ಲ.)

ನನ್ನ ಹೊಟ್ಟೆಪಾಡೇ ಜಾಹೀರಾತಿನ ಮೇಲ್ ಬರೆಯೋದು ಅಂತ ನಿಮಗೆಲ್ಲ ಗೊತ್ತಿದೆ. ‘ಇನ್ನು ಕೆಲವೇ ಗಂಟೆ’, ‘ನಿಮಗಾಗಿ ಮಾತ್ರ’, ಎಲ್ಲ ನನ್ನಂಥವರ ಕೈಚಳಕ. ಬೈಯುವವರು ಆಮೇಲೆ ಬೈಯಿರಿ. ಹಾಗಾಗಿ ಈ ವ್ಯಾಪಾರ ಆಚೆ ಬದಿಯಿಂದ ಹೇಗೆ ಕಾಣುತ್ತೆ ಅಂತ ಹೇಳುವ ಯೋಗ್ಯತೆ ನನಗಿದೆ ಅಂದುಕೊಂಡಿದ್ದೇನೆ. ಜಾಹೀರಾತು ಕೊಡುವವನಿಗೆ ನಿಮ್ಮ ಕಣ್ಣು ಬೇಕಿಲ್ಲ. ಇವತ್ತಲ್ಲ ನಾಳೆ ಏನಾದರೂ ಕೊಂಡುಕೊಳ್ಳಬಹುದಾದ ಗಿರಾಕಿ ಬೇಕು. ಸಾವಿರ ಜನಕ್ಕೆ ಮೇಲ್ ಕಳಿಸಿದಾಗ ಒಂದಿಷ್ಟು ಜನ ತೆರೆದು, ಅದರಲ್ಲಿ ಬೆರಳೆಣಿಕೆಯಷ್ಟು ಜನ ಒಳಗೆ ಬಂದು, ಯಾರೋ ಒಬ್ಬರು ಕೊಂಡರೆ ಅವನ ಲೆಕ್ಕ ಸರಿಹೋಗುತ್ತೆ. ಕಾಸಿಗಾಗಿ ತೆರೆಯುವವರು ನೂರಕ್ಕೆ ನೂರು ತೆರೆಯುತ್ತಾರೆ, ನೂರಕ್ಕೆ ನೂರು ಕ್ಲಿಕ್ ಮಾಡುತ್ತಾರೆ, ಒಬ್ಬರೂ ಕೊಳ್ಳೋದಿಲ್ಲ. ಬಾಡಿಗೆಗೆ ತಂದ ಚಪ್ಪಾಳೆ ಅದು. ಮೊದಲ ರಿಪೋರ್ಟ್ ನೋಡಿ ಕಂಪನಿಯವನು ಕುಣಿಯುತ್ತಾನೆ. ಮಾರಾಟದ ಲೆಕ್ಕ ಬಂದ ದಿನ ಫೋನ್ ಮಾಡುತ್ತಾನೆ. ಆ ಫೋನ್ ಕರೆ ಎತ್ತುವ ಕರ್ಮ ನಮ್ಮದು.

ಇದು ನನ್ನೊಬ್ಬಳ ಹೊಟ್ಟೆಕಿಚ್ಚು ಅಂತ ಅಂದುಕೊಳ್ಳಬೇಡಿ. ವೆಬ್‌ಸೈಟುಗಳಿಗೆ ಜಾಹೀರಾತು ಒದಗಿಸುವ ಗೂಗಲ್‌ನ ಆಡ್‌ಸೆನ್ಸ್ ನಿಯಮಾವಳಿ ತೆಗೆದು ನೋಡಿ. ದುಡ್ಡು ಕೊಟ್ಟು ಕ್ಲಿಕ್ ಮಾಡಿಸುವುದು, ದುಡ್ಡು ಕೊಟ್ಟು ಜಾಹೀರಾತು ನೋಡಿಸುವುದು ಅಲ್ಲಿ ನಿಷಿದ್ಧ. ಜಾಹೀರಾತಿನ ಮೇಲೇ ಬದುಕುವ ಕಂಪನಿಗೇ ಬೇಡವಾದ ಕ್ಲಿಕ್ ಅದು. ಹಾಗಾದರೆ ಅತ್ತಿಗೆಗೆ ಒಂದು ಸೆಂಟ್ ಕೊಡುವ ಪುಣ್ಯಾತ್ಮ ಯಾರು? ಹೆಚ್ಚಿನಂಶ ಇಂಥದೇ ಇನ್ನೊಂದು ಸೈಟಿನವನು, ತನ್ನ ಸೈಟಿಗೆ ಸದಸ್ಯರನ್ನು ಸೇರಿಸಿಕೊಳ್ಳಲು. ಆ ಮೇಲ್‌ಗಳನ್ನು ನಾನೂ ಕೂತು ನೋಡಿದೆ. ಸಾಲದವನು, ಲಾಟರಿಯ ವಾಸನೆ ಬರುವ ಒಂದು ಆಟ, ಆಮೇಲೆ ಪೂರ್ತಿ ‘ಮನೆಯಲ್ಲೇ ಕೂತು ಗಳಿಸಿ’. ಮನೆಯಲ್ಲಿ ಕೂತು ಗಳಿಸುವುದು ಹೇಗೆ ಅನ್ನುವ ಮೇಲ್ ಓದುವುದೇ ಮನೆಯಲ್ಲಿ ಕೂತು ಗಳಿಸುವ ದಾರಿ. ಇಂಥ ಚಕ್ರ ಕಟ್ಟಿದವನ ಬುದ್ಧಿಗೆ ಒಂದು ನಮಸ್ಕಾರ.

ಈಗ ಲೆಕ್ಕಕ್ಕೆ ಬನ್ನಿ. ಅಣ್ಣ ಟೈಂಪಾಸು ಅಂದನಲ್ಲ, ಆ ಟೈಮಿನ ಲೆಕ್ಕ.

ಮೂವತ್ತು ಸೆಕೆಂಡ್ ಎಣಿಕೆ. ಪುಟ ತೆರೆದುಕೊಳ್ಳಲು, ಚಿತ್ರ ಒತ್ತಲು, ಮತ್ತೆ ಇನ್‌ಬಾಕ್ಸಿಗೆ ಬರಲು ಇನ್ನೊಂದು ಮೂವತ್ತು. ನಿಮಿಷಕ್ಕೆ ಒಂದು ಮೇಲ್, ಮೇಲ್‌ಗೆ ಒಂದು ಸೆಂಟ್, ಗಂಟೆಗೆ 60 ಸೆಂಟ್. ಇದು ಬಿಡದೆ ಮೇಲ್ ಬರುತ್ತಲೇ ಇದ್ದರೆ. ಬರೋದಿಲ್ಲ. ದಿನಕ್ಕೆ ಹತ್ತು ಬಂತು ಅಂತಿಟ್ಟುಕೊಳ್ಳಿ, ಹತ್ತು ಸೆಂಟ್. ಕೈಗೆ ದುಡ್ಡು ಬರಬೇಕಾದರೆ ಖಾತೆಯಲ್ಲಿ ಕನಿಷ್ಠ ಇಷ್ಟು ಸೇರಿರಬೇಕು ಅನ್ನುವ ಗೆರೆ ಎಲ್ಲ ಕಡೆ ಇರುತ್ತೆ. ಆ ಗೆರೆ 30 ಡಾಲರ್ ಆದರೆ 3,000 ಮೇಲ್. ದಿನಕ್ಕೆ ಹತ್ತರಂತೆ 300 ದಿನ. ಸೆಂಟಿನ ಹತ್ತನೇ ಒಂದು ಭಾಗ ಕೊಡುವ ಸೈಟುಗಳೂ ಇವೆ, ಅಲ್ಲಿ 30,000 ಮೇಲ್. ಅದಕ್ಕೆ ಒಂದು ಆಯಸ್ಸು ಎತ್ತಿಡಬೇಕು. ನಡುವೆ ಕಾಯಿಲೆ ಬಿದ್ದು, ಪ್ರಯಾಣ ಬಂದು ಕೆಲವು ವಾರ ಲಾಗಿನ್ ಆಗದಿದ್ದರೆ ‘ಖಾತೆ ನಿಷ್ಕ್ರಿಯ’ ಅಂತ ಸೇರಿದ್ದೆಲ್ಲ ಸೊನ್ನೆ ಮಾಡುವ ಕಲಮು ಹಲವು ಕಡೆ ಷರತ್ತುಗಳ ತಳದಲ್ಲಿ ಕೂತಿರುತ್ತೆ. ಆ ಷರತ್ತು ಓದಿದ್ದಕ್ಕೆ ಮಾತ್ರ ಯಾರೂ ಸೆಂಟ್ ಕೊಡಲ್ಲ, ಗಮನಿಸಿದಿರಾ?

ಇಡೀ ವ್ಯವಹಾರ ನಿಂತಿರುವುದು ಆ ಗೆರೆ ಮುಟ್ಟದವರ ಮೇಲೆ. ಅರ್ಧ ದಾರಿಯಲ್ಲಿ ಬೇಸತ್ತು ಬಿಟ್ಟವರ ಎಂಟು ಡಾಲರ್, ಹನ್ನೊಂದು ಡಾಲರ್ ಅಲ್ಲೇ ಉಳಿಯುತ್ತೆ. ಜಾಹೀರಾತುದಾರನಿಂದ ಸೈಟು ಹಣ ಎಣಿಸಿಕೊಂಡಾಗಿದೆ. ಓದಿದವರಿಗೆ ಕೊಡುವುದು ಬಾಕಿ, ಆ ಬಾಕಿ ಎಂದೂ ತೀರುವುದಿಲ್ಲ.

ನನ್ನ ಸಿಟ್ಟು ಒಂದು ಸೆಂಟ್ ಯಾಕೆ ಕಮ್ಮಿ ಅಂತಲ್ಲ. ಈ ಲೆಕ್ಕ ಯಾರಿಗೂ ಕಣ್ಣಿಗೆ ರಾಚುವುದಿಲ್ಲವಲ್ಲ, ಅದಕ್ಕೆ. ಅಣ್ಣನಿಗೆ ಅವನ ಆಫೀಸಿನಲ್ಲಿ ಗಂಟೆಗೆ 60 ಸೆಂಟ್ ಕೊಡ್ತೀವಿ ಅಂದಿದ್ದರೆ ಸೋಫಾದಿಂದ ನೆಗೆದು ಯೂನಿಯನ್ ಕಟ್ಟುತ್ತಿದ್ದ. ಅದೇ ಸಂಬಳ ಅತ್ತಿಗೆಗೆ ಬಂದರೆ ‘ಹೆಂಗೂ ಸುಮ್ನೆ ಕೂತಿರ್ತಾಳೆ’. ಜಾಹೀರಾತುಗಳೂ ಇದನ್ನೇ ಹಾಡುತ್ತವೆ: ‘ಗೃಹಿಣಿಯರಿಗೆ, ನಿವೃತ್ತರಿಗೆ, ವಿದ್ಯಾರ್ಥಿಗಳಿಗೆ ಬಿಡುವಿನ ವೇಳೆಯಲ್ಲಿ’. ಇವರ ಹೊತ್ತಿಗೆ ಬೆಲೆಯೇ ಇಲ್ಲ ಅಂತ ಮೊದಲು ಮನೆಯವರು ಒಪ್ಪಿದರೆ ತಾನೇ, ಒಂದು ಸೆಂಟ್ ಲಾಭದ ಥರ ಕಾಣೋದು? ದಿನಾ ಬೆಳಿಗ್ಗೆಯಿಂದ ನಿಂತ ಕಾಲಲ್ಲೇ ಇರುವ ಹೆಂಗಸು ‘ಸುಮ್ನೆ ಕೂತಿರೋದು’ ಯಾವಾಗ ಅಂತ ಒಂದು ದಿನ ಟೈಮರ್ ಹಿಡಿದು ನೋಡಲಿ. ನೀಲಿ ಪಟ್ಟಿ ಬೇಕಾದರೆ ನಾನೇ ಹಾಕಿಕೊಡ್ತೀನಿ.

ಈ ಆಸೆ ಹೊಸದೇನಲ್ಲ. 1999ರಲ್ಲಿ ಆಲ್‌ಅಡ್ವಾಂಟೇಜ್ ಅಂತ ಒಂದು ಕಂಪನಿ ಬಂದಿತ್ತು. ಕಂಪ್ಯೂಟರ್ ತೆರೆಯ ತುದಿಯಲ್ಲಿ ಅವರ ಜಾಹೀರಾತು ಪಟ್ಟಿ ಇಟ್ಟುಕೊಂಡು ಇಂಟರ್ನೆಟ್ ನೋಡುತ್ತಿದ್ದರೆ ಗಂಟೆಗೆ 50 ಸೆಂಟ್. ನೀವು ಸೇರಿಸಿದವರು ನೋಡಿದರೆ ಅದಕ್ಕೂ ನಿಮಗೆ ಪಾಲು. ಜನ ಏನು ದಡ್ಡರೇ? ಮೌಸ್ ತಾನಾಗಿ ಓಡಾಡುವಂತೆ ಪ್ರೋಗ್ರಾಂ ಬರೆದು, ಕಂಪ್ಯೂಟರ್ ಉರಿಯಲು ಬಿಟ್ಟು ಮಲಗಿದರು. 2001ಕ್ಕೆ ಕಂಪನಿ ಮುಚ್ಚಿತು. ಗಂಟೆಗೆ 50 ಸೆಂಟ್ ಆಗಲೇ, ಡಾಟ್‌ಕಾಮ್ ದುಡ್ಡು ಹೊಳೆಯಾಗಿ ಹರಿಯುತ್ತಿದ್ದಾಗಲೇ ಹುಟ್ಟಲಿಲ್ಲ. ಈಗ ಎಲ್ಲಿಂದ ಹುಟ್ಟಬೇಕು? ಇವತ್ತಿನ ತಲೆಕೆಳಗು ಚಿತ್ರ, ಟ್ಯಾಬ್ ಬದಲಿಸಿದರೆ ನಿಲ್ಲುವ ಎಣಿಕೆ, ಎಲ್ಲ ಆ ಮೌಸ್ ಓಡಿಸಿದವರ ಕೃಪೆ. ಮನುಷ್ಯರೇ ಕೂತಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳಬೇಕಲ್ಲ.

ಒಂದು ಸೆಂಟಿನವರು ಬರೀ ಜಿಪುಣರು. ದೊಡ್ಡ ಮೊತ್ತದ ಮಾತಾಡುವವರ ಕಥೆಯೇ ಬೇರೆ. ಅಮೆರಿಕದಲ್ಲಿ ಆಡ್‌ಸರ್ಫ್‌ಡೈಲಿ ಅಂತ ಒಂದಿತ್ತು. ಮೊದಲು ದುಡ್ಡು ಕಟ್ಟಿ, ದಿನಾ ಒಂದಷ್ಟು ವೆಬ್‌ಸೈಟ್ ನೋಡಿ, ಕಟ್ಟಿದ್ದಕ್ಕಿಂತ ಹೆಚ್ಚು ವಾಪಸ್ ಪಡೆಯಿರಿ. 2008ರಲ್ಲಿ ಅಲ್ಲಿನ ಸರ್ಕಾರ ಅದರ ಹಣ ಮುಟ್ಟುಗೋಲು ಹಾಕಿತು. ಹೊಸಬರ ದುಡ್ಡನ್ನು ಹಳಬರಿಗೆ ಹಂಚುವ ಮಾಮೂಲಿ ಪಾಂಜಿ. ನಡೆಸಿದ ಆಂಡಿ ಬೌಡೋಯಿನ್‌ಗೆ 2012ರಲ್ಲಿ ಆರೂವರೆ ವರ್ಷ ಜೈಲು. ಅದರ ನಂತರವೂ 2016ರಲ್ಲಿ ಟ್ರಾಫಿಕ್ ಮಾನ್ಸೂನ್ ಅನ್ನುವ ಇನ್ನೊಂದು ಕಂಪನಿ ಸಿಕ್ಕಿಬಿತ್ತು, ಜಾಹೀರಾತು ಕ್ಲಿಕ್ಕಿನ ಹೆಸರಲ್ಲೇ. 2017ರಲ್ಲಿ ನೋಯ್ಡಾದ ಸೋಷಿಯಲ್ ಟ್ರೇಡ್, ಸುಮಾರು 3,700 ಕೋಟಿ ರೂಪಾಯಿಯ ಆರೋಪ. ಅಲ್ಲೂ ಅಷ್ಟೇ, ಮೊದಲು ಕಟ್ಟಿ, ಆಮೇಲೆ ದಿನಾ ಕ್ಲಿಕ್ ಒತ್ತಿ. ಕ್ಲಿಕ್ ಅನ್ನೋದು ಜನಕ್ಕೆ ‘ನಾನು ಕೆಲಸ ಮಾಡಿ ತಗೊಂಡೆ’ ಅನ್ನುವ ಸಮಾಧಾನಕ್ಕೆ ಮಾತ್ರ. ಅದು ಇಲ್ಲದಿದ್ದರೂ ದುಡ್ಡು ಸುತ್ತುವ ರೀತಿ ಬದಲಾಗುತ್ತಿರಲಿಲ್ಲ.

ಇದೇ ಸಮಾಧಾನವನ್ನು ಈಗ ಮೊಬೈಲಿಗೆ ಸಂದೇಶ ಕಳಿಸುವ ಠಕ್ಕರು ಹಿಡಿದುಕೊಂಡಿದ್ದಾರೆ. ಲೈಕ್ ಒತ್ತಿ, ರೇಟಿಂಗ್ ಕೊಡಿ, ಮೊದಲು ನಾಲ್ಕು ಕಾಸು ನಿಜವಾಗಿ ಬರುತ್ತೆ. ಆಮೇಲೆ ‘ಮುಂದಿನ ಹಂತ’ ತೆರೆಯಲು ನೀವೇ ದುಡ್ಡು ಹಾಕಬೇಕು. ಅಮೆರಿಕದಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಇಂಥ ‘ಟಾಸ್ಕ್’ ಮೋಸದ ದೂರು 2023ರ ಇಡೀ ವರ್ಷದಲ್ಲಿ ಸುಮಾರು 5,000 ಬಂದಿದ್ದರೆ, 2024ರ ಮೊದಲ ಆರೇ ತಿಂಗಳಲ್ಲಿ ಸುಮಾರು 20,000. ಒಂದು ಸೆಂಟಿನ ಮೇಲ್ ಒತ್ತಿ ಒತ್ತಿ ಪಳಗಿದ ಬೆರಳು ಇಲ್ಲಿಗೆ ಬಂದರೆ ಅದಕ್ಕೆ ಹೊಸದಾಗಿ ಕಲಿಯುವುದೇನೂ ಇರುವುದಿಲ್ಲ. ನನ್ನ ಹೆದರಿಕೆ ಅದೇ.

ಗೊತ್ತು, ಈಗ ಯಾರಾದರೂ ಹೇಳ್ತೀರಿ: “ಎಲ್ಲರೂ ಮೋಸಗಾರರಲ್ಲ ಮೇಡಂ, ಎಷ್ಟೋ ವರ್ಷದಿಂದ ಸರಿಯಾಗಿ ದುಡ್ಡು ಕೊಡುವ ಸೈಟೂ ಇವೆ.” ಇವೆ. ಮೈಪಾಯಿಂಟ್ಸ್, ಇನ್‌ಬಾಕ್ಸ್‌ಡಾಲರ್ಸ್ ಕಾಲು ಶತಮಾನದಿಂದ ನಡೆದುಕೊಂಡು ಬಂದಿವೆ, ಕೊಟ್ಟೂ ಇವೆ. ಒಪ್ಪಿದೆ. ಆದರೆ ಪ್ರಾಮಾಣಿಕವಾಗಿ ಕೊಟ್ಟ ಒಂದು ಸೆಂಟ್ ಕೂಡ ಒಂದು ಸೆಂಟೇ. ಅದಕ್ಕೆ ಬದಲಾಗಿ ಅವರಿಗೆ ನಿಮ್ಮ ವಯಸ್ಸು, ವಿಳಾಸ, ಮನೆಯಲ್ಲಿ ಎಷ್ಟು ಜನ, ಯಾರಿಗೆ ಯಾವ ಕಾಯಿಲೆ ಅಂತ ಸಮೀಕ್ಷೆ ಮೇಲೆ ಸಮೀಕ್ಷೆಯಲ್ಲಿ ತುಂಬಿ ಕೊಟ್ಟಿರುತ್ತೀರಲ್ಲ, ಅದರ ಬೆಲೆ ಎಷ್ಟು ಅಂತ ನನ್ನಂಥವರನ್ನು ಕೇಳಿ. ಮೇಲ್‌ಗಿಂತ ಆ ಪಟ್ಟಿಗೆ ಬೆಲೆ ಜಾಸ್ತಿ.

ಅತ್ತಿಗೆ ಹೇಳಿದ ಮಾತು ಮಾತ್ರ ಇಷ್ಟು ಸುಲಭಕ್ಕೆ ತಳ್ಳಿಹಾಕಲು ಆಗಲಿಲ್ಲ. “ಎಷ್ಟಾದ್ರೂ ಇರ್ಲಿ ಕಣೆ, ಇದನ್ನ ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.” ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಗಂಟಲು ಕಟ್ಟಿತು. ಆದರೆ ಅದು ಆ ಸೈಟಿನ ಹೆಗ್ಗಳಿಕೆ ಹೇಗಾಗುತ್ತೆ? ಅದು ಸೋಫಾದ ಮೇಲಿದ್ದವನ ಮೇಲಿನ ದೂರು. ಈ ಮನೆಯ ಖರ್ಚಿನ ಪುಸ್ತಕ ಒಂದು ಕಾಸು ಆಚೆ ಈಚೆ ಆಗದಂತೆ ಬರೆಯುವವರು ಅತ್ತಿಗೆ. ಅದೇ ಕೆಲಸ ಹೊರಗೆ ಮಾಡಿಕೊಟ್ಟರೆ ಗಂಟೆಗೆ ಏನು ಸಿಗುತ್ತೆ ಅಂತ ಯಾರೂ ಅವರಿಗೆ ಹೇಳಿಲ್ಲ. ಮೇಲ್ ಓದಿದರೆ ಕಾಸು ಅಂತ ಹೇಳಲು ಮಾತ್ರ ಜನ ಸಿಕ್ಕಿದರು.

ಇನ್ನೊಂದು ತಮಾಷೆ, ನಮ್ಮ ಒಳಮನೆಯದು. ಮೇಲ್ ತೆರೆದರೋ ಇಲ್ಲವೋ ಅಂತ ತಿಳಿಯಲು ನಾವು ಅದರೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ಚಿತ್ರ ಇಟ್ಟಿರುತ್ತೇವೆ. ಚಿತ್ರ ಲೋಡ್ ಆದರೆ ‘ತೆರೆದರು’ ಅಂತ ಲೆಕ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಖಾಸಗಿತನ ಕಾಯುವ ಸೌಲಭ್ಯ ತಂದ ಮೇಲೆ, ಅದನ್ನು ಒಪ್ಪಿಕೊಂಡವರ ಮೇಲ್‌ನ ಚಿತ್ರಗಳನ್ನೆಲ್ಲ ಆಪಲ್‌ನ ಸರ್ವರೇ ಮೊದಲು ತರಿಸಿಟ್ಟುಕೊಳ್ಳುತ್ತೆ, ಮನುಷ್ಯ ನೋಡಲಿ ಬಿಡಲಿ. ಅಂದರೆ ಒಂದು ಕಡೆ ಯಂತ್ರ ಪುಕ್ಕಟೆಯಾಗಿ ಮೇಲ್ ‘ತೆರೆದು’ ನನ್ನ ರಿಪೋರ್ಟ್ ಚೆಂದ ಮಾಡಿಕೊಡುತ್ತೆ. ಇನ್ನೊಂದು ಕಡೆ ಮನುಷ್ಯರು ತಾವು ಯಂತ್ರ ಅಲ್ಲ ಅಂತ ತಲೆಕೆಳಗು ಚಿತ್ರ ಒತ್ತಿ ಸಾಬೀತು ಮಾಡಿ ಒಂದು ಸೆಂಟ್ ತಗೊಳ್ಳುತ್ತಾರೆ. ಎರಡೂ ಕಡೆ ಒಬ್ಬರೂ ಓದಿರಲ್ಲ. ನಾನು ಒಂದು ಸಾಲಿಗೆ ಅರ್ಧ ದಿನ ಕೂತು ಬರೆದಿರುತ್ತೇನೆ. (ನನಗೆ ಬರುವ ಜಾಹೀರಾತು ಮೇಲ್ ನಾನೂ ತೆರೆಯಲ್ಲ. ಮುಖ ನೋಡಬೇಡಿ.)

ಈಗಾಗಲೇ ಇದರೊಳಗೆ ಇರುವವರಿಗೆ ಇಷ್ಟು: ಸೇರಲು, ‘ಅಪ್‌ಗ್ರೇಡ್’ ಮಾಡಲು, ದುಡ್ಡು ಬಿಡಿಸಿಕೊಳ್ಳಲು, ಯಾವುದಕ್ಕೂ ಒಂದು ಕಾಸೂ ಕೈಯಿಂದ ಹಾಕಬೇಡಿ. ಬ್ಯಾಂಕು, ಮನೆಮಂದಿಯ ಪತ್ರವ್ಯವಹಾರ ಇರುವ ಮೇಲ್ ವಿಳಾಸ ಕೊಡಬೇಡಿ, ಇದಕ್ಕೇ ಬೇರೊಂದು ಮಾಡಿಕೊಳ್ಳಿ. ಗೆರೆ ಮುಟ್ಟಿದ ದಿನವೇ ದುಡ್ಡು ಈಚೆ ತೆಗೆಯಿರಿ, ಇನ್ನಷ್ಟು ಸೇರಲಿ ಅಂತ ಬಿಡಬೇಡಿ. ಮುಟ್ಟಿದರೆ.

ಇನ್ನು, ಇದನ್ನು ಓದಿದ ಮೇಲೂ ನನ್ನ ಇನ್‌ಬಾಕ್ಸಿಗೆ ರೆಫರಲ್ ಲಿಂಕ್ (ನಿಮ್ಮ ಹೆಸರಲ್ಲಿ ನನ್ನನ್ನು ಸೇರಿಸುವ ಕೊಂಡಿ) ಕಳಿಸಲು ಬೆರಳು ತುರಿಸುತ್ತಿರುವ ಮಹನೀಯರೇ, ಕಳಿಸಿ. ನನ್ನ ಗಂಟೆಗೆ ಎಷ್ಟು ಅಂತ ಬಿಲ್ ಸಮೇತ ಉತ್ತರ ಬರೀತೀನಿ. ಅಣ್ಣ, ನಿನಗೂ ಸೇರಿ.