ಕೆನ್ನೆ ಕೆಂಪಾದರೆ ಪೂರ್ಣಾಂಕ

ಸ್ಟೀರಾಯ್ಡ್ ಮುಲಾಮು ಮುಖವನ್ನು ಎಷ್ಟು ಕೆಡಿಸಿದೆ ಎಂದು ಹೇಳಲು ಚರ್ಮರೋಗ ತಜ್ಞರಿಗೆ ಭೂತಗನ್ನಡಿ ಬೇಕು, ಯಾವ ಮುಲಾಮು, ಎಷ್ಟು ತಿಂಗಳು ಎಂಬ ವಿವರವೂ ಬೇಕು. ಪಾಪ, ಅಷ್ಟೊಂದು ಓದಿದರೆ ಹಾಗೆಯೇ. ನಮ್ಮ ಬೀದಿಗಳಲ್ಲಿ ಈ ಕೆಲಸವನ್ನು ಪಕ್ಕದ ಮನೆಯವರು ಗೇಟಿನ ಬಳಿ ನಿಂತೇ ಮುಗಿಸಿಬಿಡುತ್ತಾರೆ.

ಬೆಳ್ಳಗಾಗಲೆಂದು ಹಚ್ಚಿದ ಹೊಸತರಲ್ಲಿ ಬಣ್ಣ ತಿಳಿಯಾಗುತ್ತದೆ. ತೀರ್ಪು: "ಮುಖಕ್ಕೆ ಒಳ್ಳೆಯ ಕಳೆ ಬಂದಿದೆಯಲ್ಲೇ!" ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ಕೆನ್ನೆಯ ಮೇಲೆ ರಕ್ತನಾಳಗಳು ಎಳೆಎಳೆಯಾಗಿ ಕಾಣತೊಡಗುತ್ತವೆ. ತೀರ್ಪು: "ಸೇಬಿನ ಹಾಗೆ ಕೆಂಪಗಾಗಿದ್ದೀಯ!" ವೈದ್ಯಶಾಸ್ತ್ರ ದುಷ್ಪರಿಣಾಮ ಎಂದು ಬರೆದುಕೊಂಡದ್ದಕ್ಕೆ ವಧುಪರೀಕ್ಷೆಯಲ್ಲಿ ಪೂರ್ಣಾಂಕ. ಮೊಡವೆ ಎದ್ದು, ಗಲ್ಲದಲ್ಲಿ ಕೂದಲು ಮೂಡಿದಾಗಲೇ ಪರೀಕ್ಷಕರು ಗಂಭೀರರಾಗುವುದು: "ಮೈಯಲ್ಲಿ ಉಷ್ಣ ಜಾಸ್ತಿ, ಎಳನೀರು ಕುಡಿ." ಹೆದರಿ ಮುಲಾಮು ಬಿಟ್ಟರೆ ಮುಖವೆಲ್ಲ ಉರಿ. ಮೆಡಿಕಲ್ ಶಾಪಿನವನು ಆಗ ಕನಿಕರದಿಂದ ಹೇಳುತ್ತಾನೆ: "ನೋಡಿದಿರಾ ಮೇಡಂ, ಬಿಟ್ಟರೆ ಹೀಗೆಯೇ. ಒಂದು ಟ್ಯೂಬ್ ಕೊಡಲಾ, ಎರಡಾ?"

2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲಿನ ಕೆಂಪು ಗೆರೆ ಹೇಳುವುದೂ ಅದನ್ನೇ. ಗೆರೆ ಲಕ್ಷಣವಾಗಿದೆ, ಯಾರೂ ಆಕ್ಷೇಪಿಸಿಲ್ಲ.

ಹುಳುಕಡ್ಡಿಯವರ ಕಥೆ ಬೇರೆ. ಸ್ಟೀರಾಯ್ಡ್, ಬ್ಯಾಕ್ಟೀರಿಯಾ ಮದ್ದು, ಶಿಲೀಂಧ್ರದ ಮದ್ದು ಎಲ್ಲವೂ ಒಂದೇ ಟ್ಯೂಬಿನಲ್ಲಿ. ತುರಿಕೆ ನಿಂತಿತೆಂದು ರೋಗಿಗೆ ನೆಮ್ಮದಿ, ರೋಗನಿರೋಧಕ ಶಕ್ತಿಯೆಂಬ ಕಾವಲುಗಾರ ಮಲಗಿದನೆಂದು ಶಿಲೀಂಧ್ರಕ್ಕೆ ನೆಮ್ಮದಿ. ಅತಿ ಪ್ರಬಲ ಸ್ಟೀರಾಯ್ಡ್ ಆದ ಕ್ಲೋಬೆಟಾಸೋಲ್ ಹಚ್ಚಲು ಸತತ 2 ವಾರ, ವಾರಕ್ಕೆ 50 ಗ್ರಾಂ ಎಂಬ ಗಡಿಯಿದೆ. ನಮ್ಮಲ್ಲಿ ಅದು ಟ್ಯೂಬಿನ ಬಾಲ ಸುರುಳಿ ಸುತ್ತುವವರೆಗೆ, ಮನೆಮಂದಿಯೆಲ್ಲ ಸೇರಿ. ತೊಡೆಸಂದಿಯಲ್ಲಿ ಚರ್ಮ ಬಿರಿದು ಬೀಳುವ ಗೆರೆಗಳು ಪೂರ್ತಿ ಮಾಯವಾಗುವುದಿಲ್ಲ. ಆದರೆ ಬಟ್ಟೆಯೊಳಗಿನದಕ್ಕೆ ಬೀದಿಯ ಪರೀಕ್ಷಕರು ಅಂಕ ಕೊಡುವುದಿಲ್ಲವಾದ್ದರಿಂದ ಅದು ತೊಂದರೆಯ ಲೆಕ್ಕಕ್ಕೇ ಬರುವುದಿಲ್ಲ.

ತಜ್ಞರ ಸರದಿ ಕೊನೆಗೆ. "ಸ್ಟೀರಾಯ್ಡ್ ಹಚ್ಚುತ್ತಿದ್ದೀರಾ?"

"ಅಯ್ಯೋ, ಅದೆಲ್ಲ ಮುಟ್ಟಿಯೇ ಇಲ್ಲ ಡಾಕ್ಟರೇ. ಬರೀ ಬೆಳ್ಳಗಾಗುವ ಕ್ರೀಮು," ಎನ್ನುತ್ತಾ ಹುಡುಗಿಯ ತಾಯಿ ವ್ಯಾನಿಟಿ ಬ್ಯಾಗಿನಿಂದ ಹಿಂಡಿ ಚಪ್ಪಟೆಯಾದ ಟ್ಯೂಬ್ ತೆಗೆಯುತ್ತಾರೆ. ಡಾಕ್ಟರು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಹೇಳಿ, ಇದು ಗಂಭೀರ, ಸರಿಹೋಗಲು ತಿಂಗಳುಗಳೇ ಬೇಕು ಎಂದು ವಿವರಿಸುತ್ತಾರೆ. ತಾಯಿ ತಲೆಯಾಡಿಸಿ ಕೇಳುತ್ತಾರೆ: "ಆಗಲಿ ಡಾಕ್ಟರೇ, ನಿಲ್ಲಿಸುತ್ತೇವೆ. ಭಾನುವಾರ ಗಂಡಿನ ಕಡೆಯವರು ಬರುತ್ತಿದ್ದಾರೆ. ಸೋಮವಾರದಿಂದ ನಿಲ್ಲಿಸಿದರೆ ಆಗುವುದಿಲ್ಲವೇ?"